ನಾಲ್ಕು ಹತ್ತಕ್ಕೆ ಬಾಗಿಲಿಗೆ ಬಂದ ಸೈನ್ಯ

ಶಾಲಾ ಬಸ್ಸಿನ ಡ್ರೈವರನ ದಿನ ಎರಡು ತುಂಡು. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಮಕ್ಕಳನ್ನು ಇಳಿಸಿದರೆ ಮಧ್ಯಾಹ್ನ ಮೂರೂವರೆಯವರೆಗೆ ಬಸ್ಸೂ ಖಾಲಿ, ಅವನೂ ಖಾಲಿ. ಉಳಿದ ಡ್ರೈವರುಗಳು ಆ ಹೊತ್ತನ್ನು ಇಸ್ಪೀಟಿಗೋ ನಿದ್ದೆಗೋ ಕೊಡುತ್ತಿದ್ದರು. ಏಳನೇ ನಂಬರಿನ ಬಸ್ಸಿನವನು ಮಾತ್ರ ಶಾಲೆಯ ಹಿಂದಿನ ಗೋಡೆಯ ನೆರಳಲ್ಲಿ ಬಸ್ಸು ನಿಲ್ಲಿಸಿ, ಮೂರನೇ ಸೀಟಿನಲ್ಲಿ ಕಾಲು ಚಾಚಿ, ಮೊಬೈಲಿನಲ್ಲಿ ರಾಜ್ಯಭಾರ ಮಾಡುತ್ತಿದ್ದ.

ವಯಸ್ಸು ಐವತ್ತಾರು. ನಾಲ್ಕು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳು ಮಂಚ ಹಿಡಿದಿದ್ದಾಗ ಹೊತ್ತು ಹೋಗದೆ ಈ ಆಟಕ್ಕೆ ಬಿದ್ದವನು. ಕೋಟೆ, ಕುದುರೆ, ಬಿಲ್ಲುಗಾರರು, ಕಣಜ ಎಲ್ಲವೂ ಹಳೆಯ ಕಾಲದ್ದೇ; ಆದರೆ ಒಂದೊಂದು ಕೋಟೆಯ ಹಿಂದೆಯೂ ಎಲ್ಲೋ ಕೂತು ಆಡುವ ಒಬ್ಬ ನಿಜವಾದ ಮನುಷ್ಯ. ಬಸ್ಸಿನ ಹಿಂದೆ ಬರೆದಿದ್ದ 'ನಿಧಾನವೇ ಪ್ರಧಾನ'ದಿಂದ ಅರ್ಧ ಕದ್ದು ತನಗೆ 'ನಿಧಾನ' ಎಂದು ಹೆಸರಿಟ್ಟುಕೊಂಡ. ಮೊದಲ ವಾರವೇ ಯಾರೋ ನುಗ್ಗಿ ಕಣಜ ಬಳಿದುಕೊಂಡು ಹೋದರು. ಆಗ ಕೇಳದೆಯೇ ಐನೂರು ಗಾಡಿ ಧಾನ್ಯ ಕಳಿಸಿದವಳು ಗುಡ್ಡದ ಮೇಲಿನ ಕೋಟೆಯ ಒಡತಿ. ಅವಳ ಮುಖ ಕಂಡವನಲ್ಲ, ಊರು ಕೇಳಿದವನಲ್ಲ. ರಾತ್ರಿ ಪಾಳಿಯ ನರ್ಸ್ ಎನ್ನುವುದಷ್ಟೇ ಗೊತ್ತು. ಎಲ್ಲರೂ ಗುಡ್ಡದಕ್ಕ ಅನ್ನುತ್ತಿದ್ದರು, ಅವನೂ ಹಾಗೇ ಕರೆದ. ಅವಳು ಅವನನ್ನು ಅಣ್ಣ ಎಂದಳು.

ಯುದ್ಧ ಅವನಿಗೆ ಅಷ್ಟಕ್ಕಷ್ಟೆ. ಆದರೆ ಕಿಟಕಿ ಸೀಟಿಗಾಗಿ ಕಿತ್ತಾಡುವ ಮೂವತ್ತೆಂಟು ಮಕ್ಕಳನ್ನು ಇಪ್ಪತ್ತು ವರ್ಷ ಸಂಭಾಳಿಸಿದವನಿಗೆ ಈ ದೊರೆಗಳು ಯಾವ ಲೆಕ್ಕ? ಯಾರ ಸಿಟ್ಟು ಇಳಿಯುವ ತನಕ ಕಾಯಬೇಕು, ಯಾರಿಗೆ ತಾನೇ ಗೆದ್ದೆ ಅನ್ನಿಸಿ ಕೂರಿಸಬೇಕು ಎಂಬುದು ಅವನಿಗೆ ಕರತಲಾಮಲಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವರ್ಷ ತುಂಬುವುದರೊಳಗೆ ಇಪ್ಪತ್ತಾರು ಕೋಟೆಗಳ ಕೂಟಕ್ಕೆ ಅವನೇ ರಾಯಭಾರಿ. ಮನೆಯಲ್ಲಿ ಹೆಂಡತಿ, ಬಚ್ಚಲಿನ ನಲ್ಲಿ ತಿಂಗಳಿಂದ ಸೋರುತ್ತಿದ್ದರೂ ಮಹಾರಾಜರ ಕೋಟೆ ಮಾತ್ರ ಭದ್ರವಾಗಿದೆ ಎಂದು ನೆಂಟರೆದುರು ಕೊಂಡಾಡುತ್ತಿದ್ದಳು.

ಆ ಆಟದಲ್ಲಿ ಸ್ನೇಹದ ಒಪ್ಪಂದಕ್ಕೆ ಒಂದು ವಾರದ ಆಯಸ್ಸು. ವಾರ ಮುಗಿಯುವ ಮೊದಲು ನವೀಕರಿಸಬೇಕು. ತಪ್ಪಿದರೆ ಹೊಸ ಒಪ್ಪಂದ ಜಾರಿಯಾಗಲು ಒಂದು ಇಡೀ ದಿನ ಬೇಕು. ಅವನು ಆ ಕೆಲಸವನ್ನು ಬಸ್ಸು ತೊಳೆಯುವುದಕ್ಕೆ ಗಂಟು ಹಾಕಿದ್ದ. ಸೋಮವಾರ ಬಸ್ಸು ತೊಳೆಯುವುದು, ಅದು ಒಣಗುವಷ್ಟರಲ್ಲಿ ಒಂದೊಂದೇ ಒಪ್ಪಂದದ ಮೇಲೆ ಬೆರಳು ಒತ್ತುವುದು. ನಾಲ್ಕು ವರ್ಷದಲ್ಲಿ ಒಂದು ಸಲವೂ ಮರೆತವನಲ್ಲ.

ಈ ಸೋಮವಾರ ಶಾಲೆಗೆ ಇದ್ದಕ್ಕಿದ್ದಂತೆ ರಜೆ. ಬಸ್ಸು ತೊಳೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಗುಡ್ಡದಕ್ಕನ ಸಂದೇಶ ಬಂದಿತ್ತು. ಕರಿಬಾವುಟದವರು ಅವಳ ಕೋಟೆಯ ಕೆಳಗೆ ಬೀಡುಬಿಟ್ಟಿದ್ದಾರೆ, ಸಹಾಯ ಬೇಕು ಎಂದು. ಉಂಡ ಮನೆ ಅದು. ಅವನು ಹಿಂದೆಮುಂದೆ ನೋಡದೆ ತನ್ನ ನಾಲ್ಕು ಸಾವಿರ ಕುದುರೆಯನ್ನೂ ಹೊರಡಿಸಿದ. ಕನ್ನಡಕ ಸ್ಟೇರಿಂಗಿನ ಹತ್ತಿರವೇ ಉಳಿದಿತ್ತು. ಹೊರಟ ಸೈನ್ಯದ ಬಾವುಟ ನೆರವಿನ ಹಸಿರೋ ದಾಳಿಯ ಕೆಂಪೋ ನೋಡಲಿಲ್ಲ.

ಹನ್ನೆರಡಕ್ಕೆ ಊಟದ ಡಬ್ಬಿ ಬಿಚ್ಚುವಾಗ ಮೊಬೈಲ್ ಗುಂಯ್‌ಗುಟ್ಟಿತು.

"ಅಣ್ಣ, ಕೆಂಪು ಬಾವುಟ ಹಾರಿಸ್ಕೊಂಡು ನನ್ನ ಮೇಲೇ ಬರ್ತಾ ಇದೀರಲ್ಲ. ಏನಿದು?"

ಅವನು ಕನ್ನಡಕ ಹಾಕಿಕೊಂಡು ನೋಡಿದ. ಒಪ್ಪಂದ ನಿನ್ನೆ ಸಂಜೆಯೇ ಸತ್ತಿತ್ತು. ಒಪ್ಪಂದವಿಲ್ಲದವರ ಕಡೆ ಕಳಿಸಿದ ಸೈನ್ಯ ದಾಳಿಯ ಸೈನ್ಯವೇ. ಹೊರಟ ಅರ್ಧ ಗಂಟೆಯ ಮೇಲೆ ವಾಪಸು ಕರೆಯುವಂತಿಲ್ಲ. ತಲುಪುವುದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಬಿಚ್ಚಿದ ಡಬ್ಬಿಯನ್ನು ಹಾಗೆಯೇ ಮುಚ್ಚಿದ.

ಉಳಿದದ್ದು ಒಂದೇ ದಾರಿ. ಕೋಟೆಯ ಒಡತಿ ತಾನಾಗಿ ಬಾಗಿಲು ತೆರೆದರೆ ಬಂದ ಸೈನ್ಯ ಅತಿಥಿಯಾಗಿ ಒಳಗೆ ಸೇರುತ್ತದೆ. ಆದರೆ ಮೊದಲ ಹತ್ತು ನಿಮಿಷದಲ್ಲಿ ಅದರ ದೊರೆ ಒಂದು ಅಪ್ಪಣೆ ಕೊಟ್ಟರೆ ಸಾಕು, ಕೋಟೆ ಅವನದು. ಗುಡ್ಡದಕ್ಕನ ಹಳೆಯ ಕೋಟೆ ಹೋದದ್ದೇ ಹಾಗೆ. ಒಡಹುಟ್ಟಿದವನಂತಿದ್ದವನೊಬ್ಬ, ತಪ್ಪಿ ಸೈನ್ಯ ಬಂತು ಬಾಗಿಲು ತೆಗಿ ಎಂದು ನಂಬಿಸಿ, ಮೂರನೇ ನಿಮಿಷಕ್ಕೆ ನುಂಗಿದ್ದ. ಆಮೇಲೆ ಅವಳು ಯಾರಿಗೂ ಬಾಗಿಲು ತೆರೆದಿರಲಿಲ್ಲ. ತೆರೆಯದಿದ್ದರೆ ಎರಡೂ ಕಡೆಯ ಸೈನ್ಯ ಬಡಿದಾಡಿ ಸಾಯುತ್ತದೆ, ಕರಿಬಾವುಟದವರು ನಡೆದುಕೊಂಡು ಹೋಗಿ ಕೋಟೆ ಹತ್ತುತ್ತಾರೆ. ಬರೀ ಆಟ ಎಂದು ತನಗೆ ತಾನೇ ಹೇಳಿಕೊಂಡು ನೋಡಿದ. ಎದೆ ಒಪ್ಪಲಿಲ್ಲ. ಇಪ್ಪತ್ತಾರು ಮಂದಿಯ ಮಾತು ಕಾಯುವವನು ಉಂಡ ಮನೆಯ ಗಳ ಎಣಿಸಿದ ಅನ್ನಿಸಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ.

ಆದದ್ದನ್ನು ಆದಂತೆಯೇ ಬರೆದ. ರಜೆ, ತೊಳೆಯದ ಬಸ್ಸು, ಕನ್ನಡಕ, ಎಲ್ಲ. ತಪ್ಪು ನನ್ನದು, ಸಾಧ್ಯವಾದರೆ ಬಾಗಿಲು ತೆರೆಯಮ್ಮ ಎಂದು ಮುಗಿಸಿದ. ಓದಿಕೊಳ್ಳುವಾಗ ಅವನಿಗೇ ಅದು ಕಟ್ಟುಕಥೆಯಂತೆ ಕಂಡಿತು. ಅವಳು ಓದಿದಳು. ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಕೂಟದ ದಂಡನಾಯಕ, ನಿಜಜೀವನದಲ್ಲಿ ಔಷಧಿ ಅಂಗಡಿಯವನು, ಫೋನೇ ಮಾಡಿಬಿಟ್ಟ. "ಬಸ್ಸಿಗೆ ಹತ್ತಬೇಕಾದ್ರೂ ಫೋನ್ ಆನ್ ಇರ್ಲಿ ಅಣ್ಣ. ಸ್ಟಾಪ್ ಬಂದಾಗೆಲ್ಲ ಅಕ್ಕನಿಗೆ ಒಂದೊಂದು ಮೆಸೇಜ್ ಹಾಕಿ. ಇವತ್ತೊಂದು ದಿನ."

"ಮಕ್ಕಳು ಬಸ್ಸಲ್ಲಿದ್ದಾಗ ನಾನು ಫೋನ್ ಮುಟ್ಟೋನಲ್ಲಪ್ಪ."

"ಕೋಟೆ ಹೋಗುತ್ತೆ."

"ಹೋದ್ರೆ ಹೋಗ್ಲಿ. ಆ ಮಕ್ಕಳಿಗೆ ಇನ್ನೊಂದು ಜೀವ ಇಲ್ಲ."

ಮೂರೂ ಇಪ್ಪತ್ತೈದಕ್ಕೆ ಮೊಬೈಲ್ ಆರಿಸಿ, ಎಂದಿನಂತೆ ಬಸ್ಸಿನ ಔಷಧಿ ಪೆಟ್ಟಿಗೆಯೊಳಗೆ ಹತ್ತಿಯ ಪಕ್ಕದಲ್ಲಿಟ್ಟು ಮುಚ್ಚಳ ಹಾಕಿದ.

ಅವತ್ತಿನ ದಾರಿ ಮುಗಿಯುವಂತಿರಲಿಲ್ಲ. ಒಬ್ಬಳ ಶೂ ಇನ್ನೊಬ್ಬನ ಬ್ಯಾಗಿನಲ್ಲಿ ಸಿಕ್ಕಿತು, ಇಬ್ಬರು ಕಿಟಕಿಗಾಗಿ ಜಡೆ ಹಿಡಿದು ಎಳೆದಾಡಿದರು. ನಾಲ್ಕು ಹತ್ತಕ್ಕೆ ಬಸ್ಸು ರೈಲ್ವೆ ಗೇಟಿನ ಮುಂದೆ ನಿಂತಿತ್ತು. ಮುಂದೆ ಗೇಟು ಮುಚ್ಚಿತ್ತು, ರೈಲಿನ ಸುಳಿವಿಲ್ಲ. ಗಡಿಯಾರ ನಾಲ್ಕು ಹನ್ನೊಂದಕ್ಕೆ, ನಾಲ್ಕು ಹನ್ನೆರಡಕ್ಕೆ ಸರಿಯಿತು. ಔಷಧಿ ಪೆಟ್ಟಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಿಂದಿನ ಸೀಟಿನ ಪುಟ್ಟಿ, ಮಾಮ ಯಾಕೆ ಬೆವರಿದ್ದೀರಿ ಎಂದು ಕೇಳಿದಳು. ಸೆಖೆ ಕಣಮ್ಮ ಎಂದ.

ಐದಕ್ಕೆ ಕೊನೆಯ ಮಗುವನ್ನು ಅವರಜ್ಜನ ಕೈಗೆ ಒಪ್ಪಿಸಿ ಬಸ್ಸನ್ನು ಶಾಲೆಗೆ ತಂದ. ನಿದ್ದೆ ಹೋದ ಮಗು ಯಾವುದೂ ಉಳಿದಿಲ್ಲವಷ್ಟೆ ಎಂದು ದಿನವೂ ಮಾಡುವ ಹಾಗೆ ಕೊನೆಯ ಸೀಟಿನವರೆಗೆ ಬಗ್ಗಿ ನೋಡಿದ. ಒಂದು ನೀರಿನ ಬಾಟಲಿ ಸಿಕ್ಕಿತು, ತೆಗೆದಿಟ್ಟ. ಆಮೇಲೆ ಪೆಟ್ಟಿಗೆ ತೆರೆದ.

ಕುದುರೆಗಳು ನಾಲ್ಕು ಸಾವಿರವೂ ಇದ್ದವು. ಗುಡ್ಡದ ಕೋಟೆಯೊಳಗೆ, ಹಸಿರು ಬಾವುಟದ ಕೆಳಗೆ, ಮೇವು ತಿನ್ನುತ್ತಿದ್ದವು. ಕರಿಬಾವುಟದವರು ಅಷ್ಟು ದೊಡ್ಡ ಪಡೆ ಒಳಗೆ ಹೋದದ್ದನ್ನು ಕಂಡು ಬೀಡು ಕಿತ್ತಿದ್ದರು. ಅವನು ಸೀಟಿನಲ್ಲಿ ಕುಸಿದು ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಗುಡ್ಡದಕ್ಕ ಬರೆದಿದ್ದಳು:

"ನಿಮ್ಮ ಕಥೆ ಓದಿ ನಂಬಲಿಲ್ಲ ಅಣ್ಣ. ಆ ಹಿಂದಿನವನೂ ಚೆನ್ನಾಗೇ ಕಥೆ ಕಟ್ಟಿದ್ದ. ಆದ್ರೆ ಆಟದಲ್ಲಿ ನೀವಿದ್ರೆ ನಿಮ್ಮ ಹೆಸರಿನ ಮುಂದೆ ದೀಪ ಉರಿಯುತ್ತಲ್ಲ, ಅದನ್ನೇ ನೋಡ್ತಾ ಕೂತೆ. ಮೂರೂ ಇಪ್ಪತ್ತೈದಕ್ಕೆ ಆರಿತು. ಕೋಟೆ ಹೊಡಿಯೋಕೆ ಬರೋನು ಆ ಹೊತ್ತಲ್ಲಿ ದೀಪ ಆರಿಸಿ ಮಕ್ಕಳನ್ನ ಮನೆಗೆ ಬಿಡೋಕೆ ಹೋಗಲ್ಲ. ನಾಲ್ಕು ಎಂಟಕ್ಕೆ ಬಾಗಿಲು ತೆಗೆದೆ. ಒಂದೇ ಒಂದು ಸಲ ದೀಪ ಹೊತ್ತಿದ್ರೂ ತೆಗೀತಿರಲಿಲ್ಲ."

ಅವನು ಅದನ್ನು ಎರಡು ಸಲ ಓದಿದ. ದಂಡನಾಯಕನ ಮಾತು ಕೇಳಿದ್ದರೆ ಎಂದು ನೆನೆದು ಮೈ ಜುಂ ಎಂದಿತು. ಬೆನ್ನಿಗೇ ನಗು ಬಂತು. ಹೆಂಡತಿಗೆ ಫೋನ್ ಮಾಡಿ, ಬರುವಾಗ ನಲ್ಲಿಗೆ ವಾಷರ್ ತರುತ್ತೇನೆ ಎಂದ. ಯಾವ ಕೋಟೆ ಬಿತ್ತು ಎಂದು ಅವಳು ಕೇಳಿದಳು. ಯಾವುದೂ ಬೀಳಲಿಲ್ಲ ಕಣೆ ಎಂದ.

ಆಮೇಲೆ ಬಕೆಟ್ ತೆಗೆದ. ಗೇಟಿನ ವಾಚ್‌ಮನ್, ಇವತ್ತು ಮಂಗಳವಾರ ಅಲ್ಲವೇ ಎಂದು ಕೇಳುತ್ತ ಬಂದ.

"ಸೋಮವಾರದ ಕೆಲಸ ಉಳ್ಕೊಂಡಿತ್ತು" ಎಂದು ಅವನು ಬಸ್ಸಿನ ಗಾಜಿಗೆ ನೀರೆರಚಿದ. ಬಸ್ಸು ಒಣಗುವ ತನಕ ಮೆಟ್ಟಿಲ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಒದ್ದೆ ಬೆರಳನ್ನು ಅಂಗಿಗೆ ಒರೆಸಿ, ಗುಡ್ಡದಕ್ಕನಿಗೆ ಹೊಸ ಒಪ್ಪಂದ ಕಳಿಸಿದ.