ಖಾನಾಪುರದಾಚೆಯ ಶುಂಠಿ

ಬೆಳಗಾವಿಯಿಂದ ಖಾನಾಪುರದ ಶಾಲೆಗೆ ನಾವಿಬ್ಬರೂ ಬೆಳಗಿನ ಗಾಡಿಯಲ್ಲಿ ಹೋಗುತ್ತಿದ್ದೆವು. ನಾನು ಇಂಗ್ಲಿಷ್ ಕಲಿಸುವವಳು, ಅವರು ಸಂಸ್ಕೃತದ ಮಾಸ್ತರು. ಉಳಿದವರು ಮೊಬೈಲಿನಲ್ಲಿ ಮುಳುಗಿದರೆ ನಮ್ಮದೊಂದು ಹುಚ್ಚಾಟ. ಟಿಳಕವಾಡಿಯ ಗೇಟು ದಾಟುವಾಗ ಒಂದು ಇಂಗ್ಲಿಷ್ ಶಬ್ದ ಹಿಡಿಯುವುದು, ಖಾನಾಪುರ ಬರುವಷ್ಟರಲ್ಲಿ ಅದನ್ನು ತವರಿಗೆ ಮುಟ್ಟಿಸುವುದು. ಫ್ರೆಂಚು, ಲ್ಯಾಟಿನ್ ನನ್ನ ಪಾಲು. ಅಲ್ಲಿಂದಾಚೆ ಅವರದು.

ಒಂದು ದಿನ ‘ಜಿಂಜರ್’ ಹಿಡಿದೆವು. ದೇಸೂರಿನ ಹೊತ್ತಿಗೆ ನಾನು ಹಳೆಯ ಫ್ರೆಂಚಿನ ಜಿಂಜಿವ್ರ್ ದಾಟಿ ಲ್ಯಾಟಿನ್ನಿನ ಜಿಂಗಿಬೆರ್‌ಗೆ ಬಂದಿದ್ದೆ. ಅವರು ಗ್ರೀಕಿನ ಜಿಂಗಿಬೆರಿಸ್ ಎತ್ತಿಕೊಂಡು, ಪಾಳಿಯ ಸಿಂಗಿವೇರದ ಮೇಲೆ ಹಾಯ್ದು, ಸಂಸ್ಕೃತದ ಶೃಂಗವೇರಕ್ಕೆ ತಂದು ನಿಲ್ಲಿಸಿದರು. ಖಾನಾಪುರ ಬಂತು.

“ಶೃಂಗ ಅಂದ್ರ ಕೋಡು, ವೇರ ಅಂದ್ರ ಮೈ. ಕೋಡಿನಂಥಾ ಮೈ. ಮುಗೀತು, ಇಳೀರಿ ಮೇಡಂ.”

“ಗಾಡಿ ಮುಂದ ಲೋಂಡಾಕ್ಕ ಹೋಗತೈತ್ರಿ ಸರ್. ನಿಮಗಷ್ಟ ಇಲ್ಲಿಗೆ ಮುಗೀತು,” ಎಂದೆ. ತಮಿಳರು ಹಸಿಶುಂಠಿಗೆ ಇಂಜಿ ಅನ್ನುತ್ತಾರೆ. ವೇರ ಅಂದರೆ ನಮ್ಮ ಬೇರೇ ಇರಬೇಕು, ಶಬ್ದ ಸಂಸ್ಕೃತಕ್ಕೂ ಹಿಂದಿನದು ಎಂಬುದು ನನ್ನ ಹಟ.

“ಪುಸ್ತಕ ತೋರಸ್ರಿ, ಲೋಂಡಾದ ತನಕ ಟಿಕೀಟು ನಾನ ತಗಸ್ತೀನಿ. ಮ್ಯಾಲೆ ಶುಂಠಿ ಚಾ,” ಎಂದು ನಕ್ಕರು. ವರ್ಷವಿಡೀ ಇದೇ ಜಗಳ.

ಬೇಸಿಗೆ ರಜೆಯಲ್ಲಿ ಆ ಪುಸ್ತಕ ಸಿಕ್ಕಿತು. ವಾಚನಾಲಯದಲ್ಲಿದ್ದ ದಪ್ಪ ನಿಘಂಟೊಂದು ನನ್ನ ಮಾತನ್ನೇ ಹೇಳುತ್ತಿತ್ತು: ಹಡಗು ಹತ್ತಿ ಹೋದದ್ದು ಇಂಜಿಯ ಬೇರು, ಕೋಡು ಸಂಸ್ಕೃತ ಆಮೇಲೆ ತೊಡಿಸಿದ ಅಂಗಿ. ಆಗಲೇ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಅವರ ಮುಖ ನೋಡುತ್ತ ಗೆಲ್ಲುವ ಆಸೆ ನನಗೆ. ಶಾಲೆ ಶುರುವಾಗುವ ಮೊದಲೇ ಹೃದಯಾಘಾತವಾಗಿ ಅವರು ತೀರಿಕೊಂಡರು.

ಗೆದ್ದ ಸುದ್ದಿಯನ್ನು ಮನೆಯಲ್ಲಿ ಗಂಡನಿಗೆ ಹೇಳಿದೆ. “ಛಲೋ ಆತಲ್ಲ,” ಎಂದು ಟಿವಿಯ ದನಿ ಏರಿಸಿದರು. ಗಾಡಿಯಲ್ಲಿ ಯಾರಾದರೂ ಎದುರಿನ ಸೀಟು ತೋರಿಸಿ “ಖಾಲಿ ಐತೇನ್ರಿ?” ಎಂದರೆ ಸಿಟ್ಟು ಬರುತ್ತದೆ. ಹೂಂ ಎಂದು ಕಿಟಕಿಯ ಕಡೆ ತಿರುಗುತ್ತೇನೆ. ಇಷ್ಟು ಜನರ ನಡುವೆ ಇಷ್ಟೊಂದು ಒಂಟಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ರವಿವಾರ ಲೋಂಡಾಕ್ಕೆ ನಾನೇ ಟಿಕೀಟು ತೆಗೆಸಿದೆ. ಖಾನಾಪುರ ಬಂತು, ಇಳಿಯದೆ ಕೂತೆ. ಚಹಾದವನು ಬಂದ, ಬೇಡವೆಂದೆ. ಶುಂಠಿ ನಿಜಕ್ಕೂ ಕೋಡಿನ ಹಾಗೆಯೇ ಇರುತ್ತದಲ್ಲ. ಮಾಸ್ತರರ ಮಾತೇ ಸರಿ ಎನ್ನುವ ಪುಸ್ತಕ ಎಲ್ಲಾದರೂ ಇದ್ದೀತೇ ಎಂದು ಲೋಂಡಾದವರೆಗೂ ಯೋಚಿಸಿದೆ. ನನಗೀಗ ಸೋಲಬೇಕಾಗಿದೆ.