ಅಷ್ಟಮಿಯ ನೀರು

ಆ ದೋಣಿಯಲ್ಲಿ ಮೂರರಲ್ಲಿ ಒಂದು ಪಾಲು ನಮ್ಮದಾಗಿತ್ತು. ಎಪ್ಪತ್ತರ ಆಸುಪಾಸಿನ ಮಾತು. ಮುಂಬಯಿಯ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಲ್ಲಿ ಮಾಥೆರಾನಿನ ಬೆಟ್ಟಕ್ಕೆ ಹೋಗಿ ಹೋಟೆಲಿನಲ್ಲಿ ಎಂಟು ದಿನ ಇದ್ದು ಬರುವಷ್ಟು ಅನುಕೂಲ ಯಾರಿಗೂ ಇರಲಿಲ್ಲ. ಉಪಾಯ ಹೇಳಿದವರು ಕೆಳಗಿನ ಮನೆಯ ಅಂಕಲ್. ಮಂಗಳೂರಿನ ಕ್ರೈಸ್ತರು, ಬಂದರಿನಲ್ಲಿ ಕೆಲಸ. ಮಾರ್ವೆಯ ಹತ್ತಿರ ಉಪ್ಪು ಸಾಗಿಸುತ್ತಿದ್ದ ಹಳೆಯ ಮರದ ದೋಣಿಯೊಂದು ಮಾರಾಟಕ್ಕಿದೆ, ಒಬ್ಬರಿಗೆ ಭಾರ, ಮೂರು ಮನೆ ಸೇರಿದರೆ ಹಗುರ ಎಂದರು. ದೋಣಿಗೆ ಹಲಗೆಯ ಒಂದು ಕೋಣೆ ಕೂಡಿಸಿ, ಹಸಿರು ಬಣ್ಣ ಬಳಿದೆವು. ಮಾಲಾಡಿಗೆ ಲೋಕಲ್, ಅಲ್ಲಿಂದ ಬಸ್ಸು. ದಂಡೆಗೆ ಹೋಗಿ ಹಗ್ಗ ಬಿಚ್ಚಿದರೆ ಆ ವಾರ ಖಾಡಿಯೆಲ್ಲ, ಸಮುದ್ರ ಒಳಗೆ ಚಾಚಿದ ಆ ನೀರೆಲ್ಲ, ನಮ್ಮದು. ಕೊಕ್ಕರೆಗಳು, ಉಪ್ಪುನೀರಿನ ಕೆಸರಿನಲ್ಲಿ ನಿಂತ ಕಾಂಡ್ಲಾ ಗಿಡಗಳ ಬೇರು, ಸ್ಟವ್ ಮೇಲೆ ಕುದಿಯುವ ಗಂಜಿ. ಅದೇ ನಮ್ಮ ರಜೆ.

ಮೂರನೆಯ ಪಾಲು ಎದುರು ಬಾಗಿಲಿನವರದು. ವಿಜಾಪುರದ ಕಡೆಯ ಗಂಡ ಹೆಂಡತಿ, ಮಕ್ಕಳಿರಲಿಲ್ಲ. ಗಂಡ ಕಟ್ಟಡ ಕಟ್ಟುವ ಜಾಗದಲ್ಲಿ ಸೂಪರ್‌ವೈಸರ್. ಹೆಂಡತಿಯನ್ನು ಇಡೀ ಬಿಲ್ಡಿಂಗೇ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿತ್ತು. ಮುಂಬಯಿಗೆ ಬರುವ ತನಕ ಸಮುದ್ರವನ್ನೇ ಕಾಣದಿದ್ದ ಆಕೆಯ ಗಂಡ, ಅಂಕಲ್‌ರಿಂದ ಗಳ ಹಾಕಿ ದೋಣಿ ನೂಕುವುದನ್ನು ಕಲಿತು, ದೋಣಿಯನ್ನು ಎತ್ತಿನ ಹಾಗೆ ಮಾತಾಡಿಸುತ್ತ ನಡೆಸುತ್ತಿದ್ದರು.

ದೋಣಿಯ ಬೀಗದ ಕೈಯ ಜೊತೆಗೆ ಒಂದು ನೀಲಿ ತಗಡಿನ ಡಬ್ಬಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಅದನ್ನು ಶುರು ಮಾಡಿದ್ದು ನನ್ನ ಅತ್ತೆ. ಪಾತ್ರೆ ಖಾಲಿ ತಿರುಗಬಾರದು ಎಂದು ಅವರ ಶಾಸ್ತ್ರ. ತಮ್ಮ ವಾರದ ಪಾಳಿ ಮುಗಿಸಿದವರು ಮುಂದಿನವರಿಗಾಗಿ ಏನಾದರೂ ತುಂಬಿ ಕೊಡಬೇಕು. ನಾನು ಚಕ್ಕುಲಿ ತುಂಬುತ್ತಿದ್ದೆ, ಅಂಕಲ್ ಮನೆಯಿಂದ ಕೇಕು ಬರುತ್ತಿತ್ತು, ವೈನಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ತೊಳೆದರೂ ಆ ಬೆಳ್ಳುಳ್ಳಿಯ ವಾಸನೆ ಡಬ್ಬಿಯ ಮೂಲೆಗಳಲ್ಲಿ ಉಳಿಯುತ್ತಿತ್ತು.

ಎರಡನೆಯ ವರ್ಷ ಮಳೆಗಾಲ ಮುಗಿದ ಮೇಲೆ ಮೊದಲ ಪಾಳಿ ನಮಗೆ ಬಂತು. ಅಂಕಲ್ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

"ನೀವು ಹೊರಡುವ ಶನಿವಾರ ಅಷ್ಟಮಿ ಉಂಟು, ಬಾಯಿ. ಅಷ್ಟಮಿ ನೀರು ಬಡವ, ಮೇಲೆ ಏಳುವುದಿಲ್ಲ. ದೊಡ್ಡ ಖಾಡಿಯಲ್ಲೇ ಇರಿ. ಉಪ್ಪಿನ ಗದ್ದೆಯ ಕಾಲುವೆಗೆ ಹೊಕ್ಕರೆ ದೋಣಿ ಕೆಸರಿನಲ್ಲಿ ಕೂತುಬಿಡ್ತದೆ, ಮತ್ತೆ ಮೂರು ನಾಲ್ಕು ದಿನ ಅಲ್ಲೇ ಜಪ ಮಾಡ್ಬೇಕು. ಯಜಮಾನರಿಗೆ ಹೇಳಿ ಹಾಂ."

ಅವರಿಗೆ ಅಷ್ಟಮಿ ಎಂದರೆ ಬರೀ ನೀರಿನ ಲೆಕ್ಕ. ನಮ್ಮ ಮನೆಯಲ್ಲಿ ಹಾಗಲ್ಲ. ಅತ್ತೆ ಮಾತು ಕೇಳಿಸಿಕೊಂಡದ್ದೇ ತಡ, "ಅಷ್ಟಮಿಗೆ ಪ್ರಯಾಣವಾ? ಅದೂ ನೀರಿನ ಮೇಲೆ? ಮಗುವನ್ನು ಕಟ್ಟಿಕೊಂಡು? ಒಳ್ಳೆ ಕಥೆ ಮಾರಾಯ್ತಿ!" ಎಂದರು.

ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿದವಳು ನಾನು. ರಾಹುಕಾಲ ನೋಡಿ ತರಕಾರಿಗೆ ಹೋಗುತ್ತಿದ್ದ ವೈನಿಯನ್ನು ಅದೆಷ್ಟು ಸಲ ಗೇಲಿ ಮಾಡಿದ್ದೆನೋ. ಆಕೆಯೂ ಬಿಡುತ್ತಿರಲಿಲ್ಲ, "ನೀವು ಬಿಡ್ರಿ ಇಂಗ್ಲಿಷ್ ಅಕ್ಕಾರು, ನಿಮಗ ಶನಿನೂ ಸಲಾಂ ಹೊಡೀತಾನ" ಎನ್ನುತ್ತಿದ್ದಳು. ಆದರೆ ಆ ಸಂಜೆ ಮಗಳ ತಲೆ ಬಾಚುತ್ತ ಒಂದೇ ಜಡೆಯನ್ನು ಮೂರು ಸಲ ಬಿಚ್ಚಿ ಹೆಣೆದೆ. ಅಷ್ಟಮಿ ಎಂಬ ಶಬ್ದ ಕಿವಿಯಿಂದ ಹೋಗಲೇ ಇಲ್ಲ.

ಮರುದಿನ ಎದುರು ಬಾಗಿಲು ತಟ್ಟಿದೆ. ಮಗಳಿಗೆ ಜ್ವರ, ಈ ಪಾಳಿ ನೀವು ತೆಗೆದುಕೊಳ್ಳಿ, ನಿಮ್ಮದು ನಮಗಿರಲಿ ಎಂದೆ. ವೈನಿಯ ಮುಖ ಅರಳಿತು. "ಅಯ್ಯ, ಕೂಸಿಗೆ ಜ್ವರ ಬಂದು ನಮಗ ರಜಾ ಸಿಕ್ತಲ್ರೀ!" ಎಂದು ನಾಲಿಗೆ ಕಚ್ಚಿಕೊಂಡಳು. ಆ ಹಿಗ್ಗಿನಲ್ಲಿ ಶನಿವಾರದ ತಿಥಿ ಯಾವುದೆಂದು ಆಕೆ ನೋಡಲಿಲ್ಲ. ಬೀಗದ ಕೈ ಕೊಟ್ಟೆ, ಡಬ್ಬಿ ಕೊಟ್ಟೆ. ಅಂಕಲ್ ಹೇಳಿದ ಎಚ್ಚರಿಕೆಯನ್ನು ಮಾತ್ರ ಕೊಡಲಿಲ್ಲ. ಕೊಡಬೇಕಾದರೆ ಅಷ್ಟಮಿ ಎನ್ನಬೇಕಿತ್ತು. ಅಂದಿದ್ದರೆ ಹೆದರಿದ್ದು ನಾನು, ನನ್ನ ಮಗಳಿಗೆ ಜ್ವರವಿಲ್ಲವೆಂದು ಆಕೆಗೆ ತಕ್ಷಣ ತಿಳಿಯುತ್ತಿತ್ತು. ಅಂಕಲ್ ಹೇಗೂ ಹೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅಂಕಲ್‌ಗೆ ಆ ವಾರ ಬಂದರಿನಲ್ಲಿ ಬಿಡುವಿರಲಿಲ್ಲ. ನಾವು ಪಾಳಿ ಬದಲಿಸಿದ್ದೇ ಅವರಿಗೆ ಗೊತ್ತಾಗಲಿಲ್ಲ.

ಶನಿವಾರ ಅವರಿಬ್ಬರೂ ಹೊರಟ ಮೇಲೆ ಮಗಳಿಗೆ ನಿಜವಾಗಿಯೇ ಜ್ವರ ಬಂತು.

ಅತ್ತ ಅವರಿಬ್ಬರೂ ಉಪ್ಪಿನ ಗದ್ದೆಯ ಕಾಲುವೆಗೇ ಹೋದರು. ಉಪ್ಪಿನ ಗದ್ದೆಗಳು ಬಿಸಿಲಿಗೆ ಹೊಳೆಯುವುದನ್ನು ಹೆಂಡತಿಗೆ ತೋರಿಸಬೇಕೆಂದು ಅವರಿಗೆ ಆಸೆ. ಒಳಗೆ ಹೊಕ್ಕ ದೋಣಿ ಮತ್ತೆ ಏಳಲಿಲ್ಲ. ಕೆಸರಿಗಿಳಿದು ಹೆಗಲು ಕೊಟ್ಟು ನೂಕುವಾಗ ಕಪ್ಪೆಚಿಪ್ಪೊಂದು ಗಂಡನ ಅಂಗಾಲನ್ನು ಕತ್ತರಿಸಿತು. ಅರಿಸಿನ ಮೆತ್ತಿ, ಟವೆಲು ಸುತ್ತಿದರು. ಹಾದುಹೋಗುತ್ತಿದ್ದ ಮೀನುಗಾರರು ತಮ್ಮ ಸಣ್ಣ ದೋಣಿಗೆ ಹತ್ತಿ, ದವಾಖಾನೆಗೆ ಬಿಡುತ್ತೇವೆ ಎಂದರಂತೆ. ಇವರು ಹತ್ತಲಿಲ್ಲ. "ಮೂರು ಮನೀ ದೋಣಿ ಐತಿ. ಕೆಸರಾಗ ಬಿಟ್ಟು ಬಂದ್ರ ಉಳಿದವರಿಗೆ ಏನು ಹೇಳ್ಲಿ?" ಅಂದರಂತೆ. ನಾಲ್ಕನೆಯ ದಿನ ನೀರು ಏರಿತು, ದೋಣಿ ಎದ್ದಿತು. ವಾರದೊಳಗೆ ಅವರ ದವಡೆ ಬಿಗಿಯಿತು. ಧನುರ್ವಾಯು. ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ.

ಅವರು ತೀರಿಕೊಂಡ ಹದಿಮೂರನೆಯ ದಿನ ಅದೇ ಮೆಟ್ಟಿಲ ಬಳಿ ಅಂಕಲ್ ಕೇಳಿದರು. "ನಾನು ಅಷ್ಟಮಿ ನೀರಿನದು ಹೇಳಿದ್ದೆನಲ್ಲ, ನೀವು ಅವರಿಗೆ ಹೇಳಿದ್ರಾ?"

"ಹೇಳಿದ್ದೆ," ಎಂದೆ. ಬಾಯಿಂದ ತಾನಾಗಿ ಬಂತು.

ಆ ಒಂದು ಮಾತು ಬಿಲ್ಡಿಂಗೆಲ್ಲ ಓಡಾಡಿತು. ಹೇಳಿದರೂ ಕೇಳಲಿಲ್ಲ ಪಾಪ, ಹಟದ ಮನುಷ್ಯ ಎಂದರು ಎಲ್ಲರೂ. ಕೊನೆಗೆ ವೈನಿಯೂ ಅದನ್ನೇ ಹೇಳತೊಡಗಿದಳು. ನೀರು ತುಂಬಲು ನಿಂತಾಗ, ಅಕ್ಕಿ ಆರಿಸುವಾಗ. "ನನಗ ಹೇಳಿದ್ದನ್ನ ನಾ ಮರ್ತಿರಬೇಕು. ಅವರಿಗೆ ಹೇಳಿದ್ರಲ್ರೀ, ಅಕ್ಕಾರ? ಅವರಾದ್ರೂ ಕೇಳಬೇಕಿತ್ತಲ್ಲ." ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಆಕೆ ಹೌದು ಎಂದು ತಿಳಿಯುತ್ತಿದ್ದಳು. ಸತ್ತವರ ಮೇಲೆ ನಾನು ಹೊರಿಸಿದ್ದ ತಪ್ಪು ಅದು. ಸಂಜೆ ಎದುರು ಮನೆಯ ಬಾಗಿಲ ಸಂದಿಯಿಂದ ಒಂದು ಗಂಡು ಕೆಮ್ಮು ಕೇಳಿದಂತಾಗಿ ನಾನು ಎಷ್ಟೋ ಸಲ ಒಲೆಯ ಮುಂದೆ ನಿಂತುಬಿಟ್ಟಿದ್ದೇನೆ. ವೈನಿಗೆ ಕೆಮ್ಮಿರಲಿಲ್ಲ.

ವರ್ಷ ಕಳೆಯಿತು. ಮಳೆ ನಿಂತ ಮೇಲೆ ಅವಳೇ ಬಂದಳು. "ನಮ್ಮ ಪಾಳಿ ಬಂದದ ಅಲ್ರೀ? ಒಂದು ಸಲ ಹೋಗಿ ಬರೋಣು. ನೀವೂ ಬರ್ರಿ. ಒಬ್ಬಾಕಿಗೆ ಧೈರ್ಯ ಆಗೂದಿಲ್ಲ."

ನಮ್ಮವರು ಗಳ ಹಾಕಿದರು. ವೈನಿ ಕಾಲುವೆಗೇ ಹೋಗೋಣ ಎಂದಳು. ಅಂದು ಹುಣ್ಣಿಮೆಯ ಮರುದಿನ, ತುಂಬಿದ ನೀರು. ದೋಣಿ ಎಲ್ಲಿಯೂ ತಾಗದೆ ಸಲೀಸಾಗಿ ಒಳಗೆ ಹೋಯಿತು. ಅಷ್ಟು ಸಲೀಸಾಗಿ ಹೋದದ್ದೇ ನನಗೆ ಹೆದರಿಕೆಯಾಯಿತು. ಹಲಗೆಯ ಕೆಳಗೆ ನೀರು ಯಾರೋ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡುತ್ತಿತ್ತು. ಕೋಣೆಯ ಬಾಗಿಲ ಚೌಕಟ್ಟಿನ ಒಳಮೈಯಲ್ಲಿ ಒಂದು ಕೆಸರಿನ ಅಂಗೈ ಒಣಗಿ ಕೂತಿತ್ತು. ಐದು ಬೆರಳೂ ಸ್ಪಷ್ಟ. ಕೆಸರಿನಿಂದ ಮೇಲೆ ಹತ್ತುವಾಗ ಅವರು ಹಿಡಿದುಕೊಂಡದ್ದು. ಆ ವರ್ಷವೆಲ್ಲ ದೋಣಿಗೆ ಯಾರೂ ಹೋಗಿರಲಿಲ್ಲ, ಒಳಗನ್ನು ತೊಳೆದಿರಲಿಲ್ಲ.

ವೈನಿ ಅದರ ಮುಂದೆ ಕೂತು, ಎಂದಿನಂತೆ ಗಂಡನನ್ನು ಬೈದಳು. "ಹೇಳಿದ್ರೂ ಕೇಳಲಿಲ್ಲ ನೀವು. ಹೇಳಿದ್ರೂ ಕೇಳಲಿಲ್ಲ."

"ಹೇಳಿರಲಿಲ್ಲ, ವೈನಿ," ಎಂದೆ. "ನಾನು ಹೇಳಲೇ ಇಲ್ಲ. ನಿಮಗೂ ಇಲ್ಲ, ಅವರಿಗೂ ಇಲ್ಲ."

ಜ್ವರ ಸುಳ್ಳು ಎಂದೆ. ಅಷ್ಟಮಿಗೆ ಹೆದರಿದ್ದು, ಹೆದರಿದೆ ಎನ್ನಲು ನಾಚಿದ್ದು, ಅಂಕಲ್‌ಗೆ ಮತ್ತೊಂದು ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಹೊರಗೆ ನಮ್ಮವರ ಗಳ ನಿಂತಿತು. ನಾನು ಎಚ್ಚರಿಕೆ ಮುಟ್ಟಿಸಿರಲಿಲ್ಲವೆಂದು ಅವರಿಗೂ ಅಂದೇ ತಿಳಿದದ್ದು.

ವೈನಿ ಅಳಲಿಲ್ಲ. "ಅಂದ್ರ ಅವರು ಯಾರ ಮಾತೂ ಮೀರಿಲ್ಲ," ಎಂದಳು.

"ಇಲ್ಲ."

"ಒಂದು ವರ್ಷ ಅವರ ಫೋಟೋಕ್ಕ ಬೈದೀನಿ ನಾನು. ದಿನಾ. ಹೂವು ಏರಿಸಿಕೋತ ಬೈದೀನಿ."

ಆಮೇಲೆ ತನ್ನ ಅಂಗೈಯನ್ನು ಆ ಕೆಸರಿನ ಅಂಗೈಯ ಮೇಲಿಟ್ಟು ಕೂತಳು. ಒಂದು ಬೆರಳಿನ ಪುಡಿ ಉದುರಿತು. ಅದನ್ನು ಸೆರಗಿಗೆ ಹಿಡಿದುಕೊಂಡಳು. ದಂಡೆ ಸೇರುವವರೆಗೂ ಸೆರಗಿನ ಆ ತುದಿಯನ್ನು ಬಿಡಲಿಲ್ಲ.

ಎರಡು ದಿನ ಬಿಟ್ಟು ಬಂದು ಬೀಗದ ಕೈಯನ್ನೂ ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟಳು. "ನಿಮ್ಮ ಪಾಳಿ," ಎಂದಳು. ಅಕ್ಕಾರ ಎನ್ನಲಿಲ್ಲ. ಡಬ್ಬಿ ಹಗುರವಾಗಿತ್ತು. ಅತ್ತೆ ಮುಚ್ಚಳ ತೆಗೆದರು. ಒಳಗೆ ಏನೂ ಇಲ್ಲ. ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ ಬೆಳಗಿದ ತಗಡು. ಬೆಳ್ಳುಳ್ಳಿಯ ವಾಸನೆಯೂ ಇರಲಿಲ್ಲ.

"ಮರೆತಿರಬೇಕು ಪಾಪ," ಎಂದರು ಅತ್ತೆ.

ವೈನಿ ಮರೆಯುವವಳಲ್ಲ. ಆ ತಿಂಗಳೇ ತವರಿಗೆ ಹೋದಳು. ದೋಣಿ ಮೀನುಗಾರರ ಪಾಲಾಯಿತು. ಡಬ್ಬಿ ನನ್ನ ಅಡುಗೆಮನೆಯ ಮೇಲಿನ ಅಟ್ಟದಲ್ಲಿದೆ. ಅದಕ್ಕೆ ಚಕ್ಕುಲಿ ತುಂಬಲು ಎರಡು ಮೂರು ಸಲ ಕೆಳಗಿಳಿಸಿದ್ದೇನೆ, ಹಾಗೆಯೇ ಒರೆಸಿ ಮೇಲಿಟ್ಟಿದ್ದೇನೆ. ಆಕೆ ಕೊಟ್ಟ ಖಾಲಿ ಅದರೊಳಗೆ ಇನ್ನೂ ಇದೆ. ಅದನ್ನು ತೆಗೆಯದೆ ಬೇರೇನನ್ನೂ ಇಡುವಂತಿಲ್ಲ.