ತಿಪ್ಪೇಸ್ವಾಮಣ್ಣನ ಗಿಟಾರಿನ ನರಗಳು

ತಿಪ್ಪೇಸ್ವಾಮಣ್ಣ ಗಿಟಾರ್ ನುಡಿಸಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕಲ್ಯಾಣಮಂಟಪದ ಊಟದ ಹಾಲ್‌ನಲ್ಲಿ, ಪಂಕ್ತಿಗೆ ಇನ್ನೂ ಯಾರೂ ಕೂರದ ಹೊತ್ತಿನಲ್ಲಿ, ಬಾಳೆಎಲೆ ಹಾಸಿ ಅದರ ಪಕ್ಕ ಗಿಟಾರನ್ನು ಅಂಗಾತ ಮಲಗಿಸಿ, ಹೊಟ್ಟೆ ತೆರೆದು ಕೂತಿರುತ್ತಿದ್ದರು. ಎಲೆಯ ತುದಿಯಲ್ಲಿ, ಉಪ್ಪು ಉಪ್ಪಿನಕಾಯಿ ಬೀಳಬೇಕಾದ ಜಾಗದಲ್ಲಿ, ಸ್ಕ್ರೂಗಳು. ಒಮ್ಮೆ ಹಿರಿಯೂರಿನಲ್ಲಿ ಬಡಿಸುವವನು ಅಭ್ಯಾಸಬಲದಿಂದ ಅವುಗಳ ಮೇಲೆ ಕೋಸಂಬರಿ ಹಾಕಿ ಮುಂದೆ ಹೋದ. ತಿಪ್ಪೇಸ್ವಾಮಣ್ಣ ಬೈಯಲಿಲ್ಲ. ಕೋಸಂಬರಿ ತಿಂದರು, ಹಲ್ಲಿಗೆ ಸಿಕ್ಕ ಸ್ಕ್ರೂ ತೆಗೆದು ಪಂಚೆಗೆ ಒರೆಸಿ ಗಿಟಾರಿಗೆ ಹಾಕಿದರು.

ಹಗಲು ಅವರು ಶ್ರೀರಾಂಪುರದ ಕಡೆ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಸಂಜೆ, ಮದುವೆ ಸೀಸನ್ನಿನಲ್ಲಿ, ನಮ್ಮ ಚಿತ್ರದುರ್ಗದ ಆರ್ಕೆಸ್ಟ್ರಾದ ಗಿಟಾರಿಸ್ಟ್. ನಾನು ಅದೇ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಎಲೆಕ್ಟ್ರಿಕ್ ಗಿಟಾರಿನೊಳಗೆ ಒಂದಿಷ್ಟು ವೈರು, ದನಿ ಏರಿಸಿ ಇಳಿಸುವ ತಿರುಪು, ಚೂಪು ಸ್ವರವನ್ನು ಮೆತ್ತಗೆ ಮಾಡುವ ಕೆಪಾಸಿಟರ್ ಎಂಬ ಕಾಳಿನಂಥ ವಸ್ತು, ಇಷ್ಟೇ ಇರುವುದು. ಇವನ್ನು ಬದಲಾಯಿಸುತ್ತ ಹೋದರೆ ಒಂದು ದಿನ ದೇವಲೋಕದ ದನಿ ಬರುತ್ತದೆ ಎಂದು ಅವರು ನಂಬಿದ್ದರು.

"ಹೊರಗಡೆಯಿಂದ ಚೆನ್ನಾಗೇ ಐತಲ್ಲಣ್ಣ" ಎಂದರೆ, "ಕುರಿ ಕೆಮ್ಮಿದ್ರೆ ಉಣ್ಣೆ ಬಾಚ್ತಾರೇನವ್ವ? ಒಳಗೆ ನೋಡ್ಬೇಕು. ನಾದ ಇರೋದು ತಂತೀಲಲ್ಲ, ನರದಾಗೆ" ಎನ್ನುತ್ತಿದ್ದರು. ನರ ಎಂದರೆ ವೈರು.

ಹೊಸದುರ್ಗದ ಆರತಕ್ಷತೆಯಲ್ಲಿ ಆ ನರ ಕೈಕೊಟ್ಟಿತು. ಮಧ್ಯಾಹ್ನವಷ್ಟೇ ಬೆಸುಗೆ ಹಾಕಿದ್ದರು. ಹುಡುಗ ಹುಡುಗಿ ಹಾರ ಬದಲಿಸಿಕೊಳ್ಳುವಾಗ ಗಿಟಾರ್ ಒಮ್ಮೆ "ಮ್ಯಾ" ಎಂದು ಅರಚಿ ತಣ್ಣಗಾಯಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಮರಿ ಯಾರು ತಂದ್ರಿ ಒಳಗೆ?" ಎಂದು ಕುರ್ಚಿಗಳ ಕೆಳಗೆ ಹುಡುಕತೊಡಗಿದರು. ನಾನು ಕೀಬೋರ್ಡಿನಲ್ಲಿದ್ದ ಗಿಟಾರ್ ದನಿಯ ಗುಂಡಿ ಒತ್ತಿ ಆ ಹಾಡು ಮುಗಿಸಿದೆ. ಜನಕ್ಕೆ ಗೊತ್ತಾಗಲಿಲ್ಲ. ಆದರೆ ಆರ್ಕೆಸ್ಟ್ರಾದ ಮಾಲೀಕ ಪರಮೇಶಣ್ಣನಿಗೆ ಗೊತ್ತಾಯಿತು.

ವ್ಯಾನಿಗೆ ಸಾಮಾನು ತುಂಬುವಾಗ ಅವರು ನನ್ನ ಕಡೆ ಕೈ ತೋರಿಸಿ ಹೇಳಿಯೇಬಿಟ್ಟರು. "ತಿಪ್ಪೇಸ್ವಾಮಿ, ಬೇಜಾರ್ ಮಾಡ್ಕಬ್ಯಾಡ. ಸವಿತನ ಪೆಟ್ಟಿಗೇಲೇ ಗಿಟಾರ್ ಬರ್ತೈತೆ. ನೀನು ಇನ್ಮೇಲೆ ಮನೇಲಿ ಆರಾಮಾಗಿರು."

ತಿಪ್ಪೇಸ್ವಾಮಣ್ಣ ಮಾಲೀಕರ ಮುಖ ನೋಡಲಿಲ್ಲ, ನನ್ನ ಕೀಬೋರ್ಡ್ ನೋಡಿದರು. "ಇದ್ರಾಗಿರೋ ಗಿಟಾರಿಗೆ ಕಾಯಿಲೆ ಬಂದ್ರೆ ಯಾರವ್ವ ನೋಡ್ತಾರೆ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಚಿಂತೆಯಿಂದಲೇ ಕೇಳಿದ್ದರು. ಆಮೇಲೆ ಪರಮೇಶಣ್ಣನ ಕಡೆ ತಿರುಗಿ, "ಒಂದು ವಾರ ಬಿಡು. ಪೂರ್ತಿ ನರ ಬದ್ಲಾಯಿಸ್ತೀನಿ. ಕಿವೀಲಿ ಕೇಳಿ ಆಮೇಲೆ ಹೇಳು, ಇರಬೇಕಾ ಹೋಗಬೇಕಾ ಅಂತ" ಎಂದರು.

ಮುಂಬೈಯಿಂದ ಹೊಸ ವೈರು, ಕೆಪಾಸಿಟರು ಕೊರಿಯರ್‌ನಲ್ಲಿ ಬಂದವು. ತಿಪ್ಪೇಸ್ವಾಮಣ್ಣ ಆಸ್ಪತ್ರೆಗೆ ರಜೆ ಹಾಕಿದರು. ಅವರ ಹೆಂಡತಿ ಗಂಗಕ್ಕ ಫೋನಿನಲ್ಲಿ, "ಮನೆಯೆಲ್ಲ ಬೆಸುಗೆ ವಾಸ್ನೆ ಕಣೇ. ಸಾರಿಗೆ ಒಗ್ಗರಣೆ ಹಾಕಿದ್ರೂ ಇವ್ರಿಗೆ ಗೊತ್ತಾಗಲ್ಲ" ಎಂದು ಗೋಳಾಡಿದರು.

ನಾವು ಅಭ್ಯಾಸ ಮಾಡುತ್ತಿದ್ದುದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಪರೀಕ್ಷೆಯ ದಿನ ಗಿರಣಿ ನಿಲ್ಲಿಸಲು ಹೇಳಿ ಬಂದೆವು. ಪರಮೇಶಣ್ಣ, ಡ್ರಮ್ಮಿನ ಬಾಷಾ, ನಾನು ಗೋಡೆಗೆ ಮುಖ ಮಾಡಿ ಕೂತೆವು. "ನನ್ನ ಮಖ ನೋಡಿದ್ರೆ ಕನಿಕರ ಬರ್ತೈತೆ, ತಿರುಗ್ಬ್ಯಾಡ್ರಿ" ಎಂದು ತಿಪ್ಪೇಸ್ವಾಮಣ್ಣನೇ ಅಪ್ಪಣೆ ಕೊಟ್ಟಿದ್ದರು.

ನುಡಿಸಿದರು. ಏನು ಹೇಳಲಿ! ಅವರ ಗಿಟಾರಿನ ಹಳೆಯ ದನಿ ನಮಗೆ ಕಂಠಪಾಠ. ಕಂಬಳಿ ಹೊದ್ದು ಮಾತಾಡಿದಂತಿದ್ದ ಅದು ಈಗ ದೇವಸ್ಥಾನದ ಕಿರುಗಂಟೆಯ ಹಾಗೆ ಬಿಡಿಬಿಡಿಯಾಗಿ ಉದುರುತ್ತಿತ್ತು. ಪರಮೇಶಣ್ಣ ಮೂಗು ಒರೆಸಿಕೊಂಡು, "ಇರು ಮಾರಾಯ, ನೀನೆಲ್ಲೂ ಹೋಗಬ್ಯಾಡ" ಎಂದರು.

ಬಾಷಾ ಮಾತ್ರ ಎದ್ದುಹೋಗಿ ಗಿಟಾರಿನ ಮೇಲೆ ಬೆರಳಾಡಿಸಿದ. "ಅಣ್ಣ, ತಂತಿ ಹೊಸವಾ?"

"ಹೂಂ. ಬಿಚ್ಚುವಾಗ ಹಳೇವು ಪಟ್ ಅಂದ್ವು. ತುಕ್ಕು ಹಿಡಿದಿದ್ವು."

"ಮುಂಚೆ ಯಾವಾಗ ಬದ್ಲಾಯ್ಸಿದ್ರಿ?"

"ಮಗಳ ನಾಮಕರಣಕ್ಕೆ ಇರಬೇಕು." ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು.

"ಹಂಗಾದ್ರೆ ದನಿ ಬಂದಿರಾದು ತಂತಿಯಿಂದ ಕಣಣ್ಣ! ನರ ಅಲ್ಲ, ಮಣ್ಣೂ ಅಲ್ಲ!"

ತಿಪ್ಪೇಸ್ವಾಮಣ್ಣ ಹೊಸ ತಂತಿಯೊಂದನ್ನು ಉಗುರಿನಿಂದ ಮೀಟಿ ಕಿವಿಗೊಟ್ಟರು. "ಇರಬಹುದು" ಎಂದರು. "ಆದ್ರೆ ತಂತಿ ತುಕ್ಕು ಹಿಡಿದೈತೆ ಅಂತ ಗೊತ್ತಾಗಿದ್ದು ನರ ಬದ್ಲಾಯಿಸಕ್ಕೆ ಬಿಚ್ಚಿದಾಗ ತಾನೆ?"

ಪರಮೇಶಣ್ಣ ನಕ್ಕ ನಗುವಿಗೆ ಗಿರಣಿಯವನು ಮೇಲೆ ಹತ್ತಿ ಬಂದ. ಕೊಟ್ಟ ಮಾತನ್ನು ಅವರು ವಾಪಸು ಪಡೆಯಲಿಲ್ಲ.

ನನಗೆ ಮಾತ್ರ ಕುತೂಹಲ ಉಳಿಯಿತು. ಹೊಸ ತಂತಿಯನ್ನೇ ಇಟ್ಟುಕೊಂಡು ಹಳೆಯ ವೈರು ಮತ್ತೆ ಹಾಕಿ ನುಡಿಸಿ ಎಂದು ಕಾಡಿದೆ. ಬಿಚ್ಚುವುದಕ್ಕೆ ನೆಪ ಸಿಕ್ಕಿತೆಂದು ಖುಷಿಯಿಂದ ಒಪ್ಪಿದರು. ನಿಜ ಹೇಳಬೇಕೆಂದರೆ, ತಿರುಪು ಪೂರ್ತಿ ಏರಿಸಿಟ್ಟಾಗ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಅರ್ಧಕ್ಕೆ ಇಳಿಸಿದಾಗ ಹೊಸ ವೈರಿನಲ್ಲಿ ಸ್ವರ ಕೊಂಚ ಮೆದುವಾದಂತೆ ಅನಿಸಿತು. ತಿರುಗಿಸುವಾಗ ಬರುತ್ತಿದ್ದ ಕರಕರ ಸದ್ದು ಹೋಗಿತ್ತು, ಅದು ಖಾತ್ರಿ. ಇಷ್ಟನ್ನು ಹೇಳಿದ್ದಕ್ಕೆ, "ಕೊಂಚ ಅಂದ್ಯಲ್ಲ, ಅಷ್ಟು ಸಾಕು" ಎಂದು ಸಿಹಿ ತರಿಸಿದರು. ಆದರೆ ಹೊಸ ವೈರು ಹಾಕಿದ ದಿನಗಳಲ್ಲಿ ಅವರು ಚೆನ್ನಾಗಿ ನುಡಿಸುತ್ತಿದ್ದರು. ತಾವು ಮಾಡಿದ ರಿಪೇರಿಯನ್ನು ಕೇಳಿಸಿಕೊಳ್ಳಲೆಂದು ಒಂದೊಂದು ಸ್ವರಕ್ಕೂ ಕಿವಿ ಕೊಡುತ್ತಿದ್ದರಲ್ಲ, ಅದಕ್ಕಿರಬೇಕು.

ಕೊನೆಗೆ ಆ ಕಿವಿಯೇ ಮಂದವಾಯಿತು. ಹೊಳಲ್ಕೆರೆಯ ಒಂದು ಮದುವೆಯಲ್ಲಿ ತಾವು ಬೇರೆಯೇ ಹಾಡು ನುಡಿಸುತ್ತಿರುವುದನ್ನು ನಮ್ಮ ಮುಖ ನೋಡಿ ತಿಳಿದುಕೊಂಡರು. ಅವತ್ತೇ, ಯಾರೂ ಹೇಳದೆ, "ಇನ್ನು ಸಾಕು ಪರಮೇಶ" ಎಂದು ಗಿಟಾರ್ ಚೀಲಕ್ಕಿಳಿಸಿದರು.

ಕಡೆಯ ಬಾರಿ ಅವರನ್ನು ನೋಡಿದ್ದು ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ. ಗಂಗಕ್ಕ ಜೊತೆಗಿದ್ದರು. ಅದೇ ದಿನ ಕಿವಿಗೆ ಮಷೀನು ಹಾಕಿಸಿಕೊಂಡು ಬಂದಿದ್ದರು.

"ಹೆಂಗೈತಣ್ಣ?" ಎಂದೆ.

"ಕೇಳ್ತೈತೆ. ಆದ್ರೆ ಮೇಲಿನ ಸ್ವರ ಚುಚ್ತೈತೆ. ಒಳಗೊಂದು ಕೆಪಾಸಿಟರ್..."

"ಕೈ ಹಚ್ಚಿದ್ರೆ ನೋಡ್ರಿ ಮತ್ತೆ!" ಎಂದು ಗಂಗಕ್ಕ ಅವರ ಕೈ ಹಿಡಿದುಕೊಂಡೇ ಬಸ್ಸು ಹತ್ತಿಸಿದರು.

ಬಸ್ಸು ಹೊರಟಿತು. ಕಿಟಕಿಯಲ್ಲಿ ನೋಡಿದರೆ, ತಿಪ್ಪೇಸ್ವಾಮಣ್ಣ ಮಷೀನನ್ನು ಕಿವಿಯಿಂದ ತೆಗೆದು ಕಣ್ಣಿನ ಹತ್ತಿರ ಹಿಡಿದು, ಎಲ್ಲಿಂದ ಬಿಚ್ಚುವುದೆಂದು ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. ಪಕ್ಕದಲ್ಲಿ ಗಂಗಕ್ಕ ಬಾಯ್ತುಂಬ ಬೈಯುತ್ತಿದ್ದರು. ಅವರಿಗೆ ಅದೊಂದೂ ಕೇಳಿಸುತ್ತಿರಲಿಲ್ಲ.